ಕಾತ್ಯಾಯಿನಿ ಮೆಷಿನ್ ನೋಡಲು ಹೋದದ್ದು

ಹೊರಗೆ ಕೊಟ್ಟು ಕೊರೆಸಿದ ಶಾಫ್ಟುಗಳು ಮತ್ತೆ ಸೊಟ್ಟಗೆ ಬಂದ ದಿನ ಕಾತ್ಯಾಯಿನಿಯ ತಾಳ್ಮೆ ಮುಗಿಯಿತು. ಜೆ.ಪಿ. ನಗರದಲ್ಲಿ ಅವಳದೊಂದು ಸಣ್ಣ ವರ್ಕ್‌ಶಾಪು. ಹಿಟ್ಟಿನ ಗಿರಣಿಗಳಿಗೆ ಬೇಕಾದ ಶಾಫ್ಟು, ಪುಲ್ಲಿ ಎಲ್ಲ ಅಲ್ಲೇ ತಯಾರಾಗುತ್ತಿದ್ದವು, ಶಾಫ್ಟಿನ ತುದಿಯಲ್ಲಿ ಕಾಲುವೆಯ ಹಾಗೆ ಕೀ-ವೇ ಕೊರೆಯುವುದೊಂದನ್ನು ಬಿಟ್ಟು. ಅದಕ್ಕೆ ಹಾರಿಜಾಂಟಲ್ ಮಿಲ್ಲಿಂಗ್ ಮೆಷಿನ್ ಬೇಕು. ಅದಿಲ್ಲದೆ ಅವಳು ಕಂಡವರ ಶೆಡ್ಡಿನ ಬಾಗಿಲಲ್ಲಿ ಕಾಯಬೇಕಿತ್ತು. ಇನ್ನೊಮ್ಮೆ ಸೊಟ್ಟ ಮಾಲು ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗಿರಣಿಯವರು ಹೇಳಿಯೂ ಆಗಿತ್ತು.

ಗೊಟ್ಟಿಗೆರೆಯಲ್ಲಿ ಚಿನ್ನಪ್ಪ ಎಂಬವರು ಹಳೆಯ ಮೆಷಿನ್ನೊಂದನ್ನು ಮಾರುತ್ತಿದ್ದಾರೆಂದು ಗೊತ್ತಾದಾಗ ಗಂಡ ಜಯಸಿಂಹ ಪೇಪರಿನಿಂದ ತಲೆಯೆತ್ತದೆ ಹೇಳಿದ: "ಯಾರಾದ್ರೂ ತಿಳಿದೋರನ್ನ ಕರ್ಕೊಂಡ್ ಹೋಗು."

"ತಿಳಿದೋಳೇ ಹೋಗ್ತಿದಾಳೆ ಕಣ್ರೀ," ಎಂದು ಕಾತ್ಯಾಯಿನಿ ಸ್ಪ್ಯಾನರು, ಟಾರ್ಚು, ಡಯಲ್ ಗೇಜು ಎಲ್ಲವನ್ನೂ ತರಕಾರಿ ಚೀಲಕ್ಕೆ ತುಂಬಿ ಸ್ಕೂಟರ್ ಹತ್ತಿದಳು.

ಚಿನ್ನಪ್ಪ ಹೊಲಗದ್ದೆ ಸೈಟಾದ ಮೇಲೆ ಬಾಡಿಗೆ ಮನೆಗಳ ಮಾಲೀಕರಾದವರು. ಗೇಟು ತೆಗೆದು ಅವಳ ಹಿಂದೆ ಇಣುಕಿ ನೋಡಿದರು. "ಯಜಮಾನ್ರು ಬರ್ನಿಲ್ವಾ?"

"ಮೆಷಿನ್ ಓಡ್ಸೋಳು ನಾನು. ನಾನ್ ಬಂದಿದೀನಲ್ಲ."

ಮನೆಯ ಹಿಂದಿನ ಶೆಡ್ಡಿನಲ್ಲಿ, ಟಾರ್ಪಾಲು ಹೊದ್ದು, ಮದುವೆ ಮನೆಯಲ್ಲಿ ಮುನಿಸಿಕೊಂಡ ಸೋದರಮಾವನಂತೆ ಮೆಷಿನ್ನು ಗೋಡೆಗೆ ಒರಗಿ ನಿಂತಿತ್ತು. ಕಾತ್ಯಾಯಿನಿ ಚೀಲ ಬಿಚ್ಚುವ ಮೊದಲೇ ಕಾಂಪೌಂಡಿನ ಆಚೆಯಿಂದ ಒಂದು ಬೋಳುತಲೆ ಮೇಲೆದ್ದಿತು. ಪಕ್ಕದ ಮನೆಯ ಗುರುಶಾಂತಪ್ಪನವರು.

"ಒಂದನೇ ನಂಬರ್ ಮೆಷಿನ್ ಮೇಡಂ. ಕಣ್ಮುಚ್ಕೊಂಡ್ ತಗೊಳ್ಳಿ."

"ತಾವೂ ಮೆಷಿನ್ ಲೈನಾ ಸಾರ್?"

"ಇಲ್ಲ, ನಾನು ರಿಟೈರ್ಡ್ ಹಿಂದಿ ಮೇಷ್ಟ್ರು. ಆದ್ರೂ ಒಳ್ಳೇದು ಯಾವ್ದು ಅಂತ ತಿಳಿಯುತ್ತಲ್ಲ."

ಅಷ್ಟರಲ್ಲಿ ಎದುರು ಮನೆಯ ವಾರಿಜಾ ಕಾಫಿ ಹಿಡಿದು ಬಂದೇಬಿಟ್ಟರು. "ಇವತ್ತೇ ಸಾಗಿಸ್ತೀರಾ? ನಮ್ಮ ಮೈದುನನ ಹತ್ರ ಕ್ರೇನ್ ಇದೆ. ಫೋನ್ ಮಾಡ್ಲಾ?"

ಕಾತ್ಯಾಯಿನಿಯ ಹುಬ್ಬು ಗಂಟಿಕ್ಕಿತು. ಮಾರುವವನು ಹೊಗಳುವುದು ಸರಿ, ಬೀದಿಗೆ ಬೀದಿಯೇ ಹೊಗಳುತ್ತಿದೆಯೆಂದರೆ ಏನೋ ಇದೆ. "ಪೂರ್ತಿ ನೋಡ್ದೆ ನಾನೇನೂ ತಗೊಳಲ್ಲ," ಎಂದವಳೇ ಕೂದಲೆಳೆಯಷ್ಟು ಓಲಾಟವನ್ನೂ ತೋರಿಸುವ ಡಯಲ್ ಗೇಜನ್ನು, ಕಟರು ತಿರುಗಿಸುವ ಸ್ಪಿಂಡಲ್ಲಿಗೆ ತಾಗಿಸಿ ಕೈಯಿಂದ ನಿಧಾನವಾಗಿ ತಿರುಗಿಸಿದಳು. ಮುಳ್ಳು ಮಿಸುಕಲಿಲ್ಲ. ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿದಳು. ಎಲ್ಲೂ ಸಡಿಲವಿಲ್ಲ, ಎಲ್ಲೂ ಹಿಡಿಯಲಿಲ್ಲ. ಅನುಮಾನ ಇನ್ನೂ ಹೆಚ್ಚಿತು. ನೆಲದ ಮೇಲೆ ಅಂಗಾತ ಮಲಗಿ ಅಡಿಗೆ ತೂರಿದಳು.

"ಅಡೀಲಿ ಏನಿರುತ್ತೆ ಬಿಡಿ ಮೇಡಂ," ಎಂದರು ಗುರುಶಾಂತಪ್ಪ.

"ಅದನ್ನ ನೋಡೋಕೇ ಮಲಗಿರೋದು."

ಅಡಿಯಲ್ಲಿ ಒಂದು ಬೆಕ್ಕಿತ್ತು. ಅದು ಅವಳ ಮುಖದ ಮೇಲಿಂದ ಹಾರಿತು, ಅವಳ ಕೈ ಕೊಳಕು ಎಣ್ಣೆಯ ತಟ್ಟೆಗೆ ಬಡಿಯಿತು, ಅಷ್ಟೂ ಎಣ್ಣೆ ಅವಳ ಚೂಡಿದಾರದ ಪಾಲಾಯಿತು. ವಾರಿಜಾ ಟವೆಲ್ ತಂದರು. ಕಾತ್ಯಾಯಿನಿ ಮುಖ ಒರೆಸಿಕೊಂಡು, "ಈಗ ಸ್ವಿಚ್ ಹಾಕಿ," ಎಂದಳು.

ಚಿನ್ನಪ್ಪ ಗಂಟಲು ಸರಿಮಾಡಿಕೊಂಡರು. "ಕರೆಂಟ್ ಇಲ್ವಲ್ಲಮ್ಮ."

ಕಾತ್ಯಾಯಿನಿ ಅವರ ನೆತ್ತಿಯ ಮೇಲೆ ಉರಿಯುತ್ತಿದ್ದ ಬಲ್ಬಿನ ಕಡೆ ಬೆರಳು ತೋರಿಸಿದಳು.

ಸ್ವಿಚ್ ಬಿದ್ದದ್ದೇ ತಡ, ಛತ್ರದ ಪಾತ್ರೆಗಳೆಲ್ಲ ಒಟ್ಟಿಗೆ ಮೆಟ್ಟಿಲಿನಿಂದ ಉರುಳಿದಂಥ ಸದ್ದು. ಶೆಡ್ಡಿನ ಶೀಟುಗಳು ನಡುಗಿದವು. ಕಾಂಪೌಂಡಿನ ಮೇಲಿಟ್ಟಿದ್ದ ಕಾಫಿ ಲೋಟ ತಾನಾಗಿಯೇ ನಡೆದುಹೋಗಿ ಆಚೆ ಬಿದ್ದಿತು. ಗುರುಶಾಂತಪ್ಪ ಕಿವಿ ಮುಚ್ಚಿಕೊಂಡರು. ಚಿನ್ನಪ್ಪ ಸ್ವಿಚ್ ಆಫ್ ಮಾಡಿದರು.

"ಹಳೇ ಮೆಷಿನ್ ಅಂದ್ಮೇಲೆ ಸದ್ದು ಇರಲ್ವಾ?" ಎಂದರು ವಾರಿಜಾ, ಮೆಲ್ಲಗೆ.

"ಈ ಸದ್ದಲ್ಲಿ ಒಳಗಿನ ಗೇರು ಹೇಗಿದೆ ಅಂತ ಕೇಳಲ್ಲ. ಕೇಳದೆ ತಗೊಳಲ್ಲ. ಮೊದ್ಲು ಸದ್ದು ನಿಲ್ಲಿಸ್ತೀನಿ."

"ಅದು ಹುಟ್ಟುಗುಣ ಕಣಮ್ಮ," ಎಂದರು ಚಿನ್ನಪ್ಪ. "ಎಷ್ಟು ಮೆಕ್ಯಾನಿಕ್ ಬಂದೋದ್ರು. ಗಂಡಸರ ಕೈಲೇ ಆಗ್ನಿಲ್ಲ."

ಆ ಕೊನೆಯ ಮಾತೊಂದನ್ನು ಅವರು ಆಡಬಾರದಿತ್ತು. ಕಾತ್ಯಾಯಿನಿ ತೋಳು ಮಡಚಿದಳು.

ಊಟದ ಹೊತ್ತಾಯಿತು, ಅವಳು ಏಳಲಿಲ್ಲ. ವಾರಿಜಾ ಚಿತ್ರಾನ್ನ ತಂದಿಟ್ಟರು, ಮುಟ್ಟಲಿಲ್ಲ. ಮೋಟಾರಿನ ಪುಲ್ಲಿ ಶಾಫ್ಟಿನ ಮೇಲೆ ಸಡಿಲವಾಗಿ ಕೂತು ಬಡಿದುಕೊಳ್ಳುತ್ತಿರುವುದು ಸಿಕ್ಕಿತು. ಒಂದು ಎಣ್ಣೆ ಡಬ್ಬ ಕತ್ತರಿಸಿ ತೆಳ್ಳನೆಯ ತಗಡು ಮಾಡಿ, ಸಂದಿಗೆ ಕೊಟ್ಟು ಬಿಗಿದಳು. ಮೆಷಿನ್ನಿನ ಒಂದು ಮೂಲೆ ನೆಲ ಮುಟ್ಟದೆ ನಿಂತಿತ್ತು. ಅಲ್ಲಿಗೆ ಕಬ್ಬಿಣದ ಪಟ್ಟಿ ಹೊಡೆದು ಕೂರಿಸಿದಳು. ಗೋಡೆಗೆ ತಾಗದಂತೆ ಸನ್ನೆಕೋಲಿನಿಂದ ಇಷ್ಟಿಷ್ಟೇ ಮುಂದಕ್ಕೆ ಎಬ್ಬಿದಳು. ಬೆರಳು ಜಜ್ಜಿತು, ಬೈಗುಳ ನುಂಗಿಕೊಂಡಳು.

ಸಂಜೆ ಬಿಸಿಲು ಶೆಡ್ಡಿನೊಳಗೆ ಬರುವ ಹೊತ್ತಿಗೆ ಮತ್ತೆ ಸ್ವಿಚ್ ಹಾಕಿಸಿದಳು. ಮೆಷಿನ್ನು ಮಗು ಮಲಗಿಸುವ ಅಜ್ಜಿಯಂತೆ ಗುಂಯ್ ಎಂದಿತು. ಒಳಗಿನ ಗೇರುಗಳದು ಒಂದು ಅಪಸ್ವರವೂ ಇಲ್ಲ. ಕಬ್ಬಿಣದ ತುಂಡೊಂದನ್ನು ಕಟ್ಟಿ ಕೀ-ವೇ ಕೊರೆದು ನೋಡಿದಳು. ಹಣೆಗೆ ತಿದ್ದಿದ ನಾಮದಂತೆ ನೇರವಾಗಿತ್ತು.

"ನೋಡಿದ್ರಾ?" ಎಂದು ಎಲ್ಲರ ಕಡೆ ತಿರುಗಿದಳು. "ಈಗ ಹೇಳ್ತೀನಿ, ತಗೊಂಡೆ."

ಚಿನ್ನಪ್ಪ ಮೆಷಿನ್ನಿಗೆ ಒಂದು ಸುತ್ತು ಬಂದರು, ಮೈ ಸವರಿದರು, ಆಮೇಲೆ ಫೋನ್ ತೆಗೆದರು. "ಶಿವರಾಮಪ್ಪ, ಸದ್ದು ನಿಂತೋಯ್ತು ಕಣಪ್ಪ. ಹೂಂ, ಪೂರ್ತಿ. ಇನ್ ಆ ಟೈಲ್ಸ್ ಅಂಗಡಿ ಯೋಚ್ನೆ ಬಿಟ್ಬುಡು. ನಾಳೆಯಿಂದ ಬಂದ್ ಕೆಲ್ಸ ಶುರು ಮಾಡು."

ಕಾತ್ಯಾಯಿನಿಯ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು.

"ನಮ್ಮ ಅಳಿಯ ಕಣಮ್ಮ," ಎಂದರು ಚಿನ್ನಪ್ಪ ಸಂಕೋಚದಿಂದ. "ಮೆಷಿನ್ನು ಅವನ್ದೇ. ಸದ್ದು ಅಂತ ಇವ್ರೆಲ್ಲ ದಿನಾ ಬಂದು ಜಗಳ ಆಡೋರು. ಅದ್ಕೇ ಮಾರಕ್ ಹೊಂಟಿದ್ದು. ಈಗ ಸದ್ದೇ ಇಲ್ವಲ್ಲ."

"ಈಗ ನಮ್ದೇನೂ ತಕರಾರಿಲ್ಲ," ಎಂದರು ಗುರುಶಾಂತಪ್ಪ ಧಾರಾಳವಾಗಿ.

"ಹಾಗಾದ್ರೆ ನಾನ್ ಹಾಕಿದ ತಗಡು ನಾನ್ ತಗೋತೀನಿ," ಎಂದು ಕಾತ್ಯಾಯಿನಿ ಪುಲ್ಲಿಯ ಕಡೆ ನುಗ್ಗಿದಳು. ಚಿನ್ನಪ್ಪ ಕೈಚಾಚಿ ಅಡ್ಡ ನಿಂತರು. ಗುರುಶಾಂತಪ್ಪ ಈ ವಯಸ್ಸಿನಲ್ಲೂ ಕಾಂಪೌಂಡು ಹಾರಿ ಬಂದು ಅವರ ಪಕ್ಕ ನಿಂತರು.

"ಕೋಪ ಮಾಡ್ಕೋಬ್ಯಾಡಿ," ಎಂದರು ಚಿನ್ನಪ್ಪ. "ನಿಮ್ ಶಾಫ್ಟ್ ಕೆಲ್ಸ ಇದ್ರೆ ಕಳ್ಸಿ, ನಮ್ ಅಳಿಯನೇ ಮಾಡ್ಕೊಡ್ತಾನೆ. ಒಸಿ ಕಾಯ್ಬೇಕಾಗ್ತದೆ, ಅಷ್ಟೇ."

ಕಾತ್ಯಾಯಿನಿ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ, ಎಣ್ಣೆ ತೊಟ್ಟಿಕ್ಕುವ ಚೂಡಿದಾರದಲ್ಲೇ ತಲೆಯೆತ್ತಿಕೊಂಡು ಹೊರಬಂದಳು. ಸ್ಕೂಟರಿನ ಹತ್ತಿರ ವಾರಿಜಾ ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು.

"ಮೇಡಂ, ಇದೂ ತುಂಬಾ ಸದ್ದು ಮಾಡುತ್ತೆ. ಒಂಚೂರು ನೋಡ್ತೀರಾ?"

ಕಾತ್ಯಾಯಿನಿ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. "ಮೊದ್ಲು ಮಿಕ್ಸೀನ ನಂಗೆ ಮಾರಿ. ಆಮೇಲೆ ನೋಡ್ತೀನಿ."