ಒದ್ದೆ ಧೋತರ, ಮೂರು ಫೇಸ್ ಕರೆಂಟು

ನನ್ನ ಸೋದರಮಾವನಿಗೆ ಇವತ್ತಿನವರೆಗೆ ಕರೆಂಟು ಹೊಡೆದಿಲ್ಲ. ಹೇಗೆ ಹೊಡೆದೀತು? ಅವರನ್ನು ಮುಟ್ಟಬೇಕಾದರೆ ಅದೂ ತಲೆಗೆ ಸ್ನಾನ ಮಾಡಿ ಬರಬೇಕಲ್ಲ!

ನಮ್ಮೂರು ಆದೋನಿಯಲ್ಲಿ ಮಾವನದೊಂದು ಊಟದ ಮೆಸ್ ಇತ್ತು. ಬ್ಯಾಂಕಿನವರು, ಸ್ಟೇಷನ್ನಿನವರು, ಹತ್ತಿ ಮಾರ್ಕೆಟ್ಟಿನ ಗುಮಾಸ್ತರು ಸೇರಿ ಹೊತ್ತಿಗೆ ನಲವತ್ತು ಜನ. ಅವರು ಬರುತ್ತಿದ್ದುದು ಅತ್ತೆಯ ಸಾರಿಗಾಗಿ. ಮಾವನ ಮಡಿಯನ್ನು ಉಪ್ಪಿನಕಾಯಿಯ ಹಾಗೆ ಜೊತೆಗೆ ನಂಜಿಕೊಳ್ಳುತ್ತಿದ್ದರು.

ಕೆಲಸದವರು ತೊಳೆದ ತಟ್ಟೆ ಮಾವನಿಗೆ ಆಗದು. ಒಬ್ಬಳು ತಟ್ಟೆಯ ಹಿಂಭಾಗ ತಿಕ್ಕಲಿಲ್ಲ. ಇನ್ನೊಬ್ಬಳು ಚೆನ್ನಾಗಿಯೇ ತಿಕ್ಕಿದಳು, ಆದರೆ ತಿಕ್ಕುವಾಗ ಸಿನಿಮಾ ಹಾಡು ಹೇಳಿಬಿಟ್ಟಳು! ಹೀಗೆ ಒಬ್ಬೊಬ್ಬರೇ ಕೆಲಸ ಬಿಟ್ಟು, ಕೊನೆಗೆ ಎರಡು ಹೊತ್ತಿನ ಎಂಬತ್ತು ತಟ್ಟೆಗಳೂ ಅತ್ತೆಯ ಪಾಲಿಗೆ ಬಂದವು. ಒಂದು ಬೇಸಿಗೆಯಲ್ಲಿ ಅವರ ಬೆರಳುಗಳ ಸಂದು ಬಿರಿದು ರಕ್ತ ಒಸರತೊಡಗಿತು. ಇನ್ನು ನೀರು, ಬೂದಿಯಲ್ಲಿ ಕೈಯಿಟ್ಟರೆ ಈ ಕೈಗಳ ಆಸೆ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಮರುದಿನದಿಂದ ಮಾವನೇ ತಟ್ಟೆ ತಿಕ್ಕಲು ಕುಳಿತರು. ಒಂದೊಂದು ತಟ್ಟೆಗೆ ಕಾಲು ಗಂಟೆ! ಮಧ್ಯಾಹ್ನದ ತಟ್ಟೆ ರಾತ್ರಿಯಾದರೂ ಮುಗಿಯದು. ಅವರು ಪೂಜೆಗೆ ಎದ್ದಾಗ ಅತ್ತೆ ಸದ್ದಿಲ್ಲದೆ ಹೋಗಿ ಅರ್ಧ ತಿಕ್ಕಿಬಿಡುತ್ತಿದ್ದರು. ಗಾಯ ಆರುವುದು ಹೇಗೆ? ಇದು ಗೊತ್ತಾದ ದಿನ ಮಾವ ಸಿಕಂದರಾಬಾದಿನ ರೈಲು ಹತ್ತಿದರು.

ವಾರದ ಮೇಲೆ ಗೂಡ್ಸ್ ಗಾಡಿಯಿಂದ ಬೀರುವಿನಷ್ಟು ದೊಡ್ಡ ಸ್ಟೀಲಿನ ಪೆಟ್ಟಿಗೆಯೊಂದು ಇಳಿಯಿತು. ಯಾವುದೋ ಮುಚ್ಚಿಹೋದ ಹೋಟೆಲಿನ ತಟ್ಟೆ ತೊಳೆಯುವ ಯಂತ್ರ.

“ನೋಡವಾ,” ಎಂದರು ಮಾವ ನನಗೆ, “ಇದಕ್ಕ ಗೋತ್ರ ಇಲ್ಲ, ಸೂತಕ ಇಲ್ಲ. ಹಾಡಂತೂ ಬರೋದೇ ಇಲ್ಲ.”

ಆ ಹೋಟೆಲಿನಲ್ಲಿ ಅದು ಏನೇನು ತಿಂದ ತಟ್ಟೆಗಳನ್ನು ತೊಳೆದಿತ್ತೋ! ಅದು ಮಾವನಿಗೂ ತಾನಾಗಿಯೇ ಹೊಳೆಯಿತು. ಯಂತ್ರವನ್ನು ಹಿತ್ತಲಲ್ಲಿ ನಿಲ್ಲಿಸಿ, ಗೋಮೂತ್ರ ಪ್ರೋಕ್ಷಿಸಿ, ಮಂತ್ರ ಹೇಳುತ್ತ ಹನ್ನೊಂದು ಕೊಡ ನೀರು ಸುರಿದು ಶುದ್ಧಿ ಮಾಡಿದರು.

ಕರೆಂಟು ಕೊಡಲು ಬಂದವರು ಮಾಬುಸಾಬರು, ಊರಿನ ಹತ್ತಿ ಗಿರಣಿಗಳ ಮೋಟಾರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯ ಎಲೆಕ್ಟ್ರಿಷಿಯನ್. ಅವರು ಯಂತ್ರದ ಹಿಂದಿನ ಮುಚ್ಚಳ ಬಿಚ್ಚಿದರೆ ಅರ್ಧ ಕೊಡ ನೀರು ಹೊರಗೆ ಬಂತು.

“ಮೋಟಾರಿಗೆ ಪುಣ್ಯ ಬಂದೈತಿ ಸ್ವಾಮೇರ,” ಎಂದರು. “ಕರೆಂಟು ಮಾತ್ರ ಬರಾಂಗಿಲ್ಲ.”

ಮೋಟಾರು ಎರಡು ದಿನ ಮಾಳಿಗೆಯ ಮೇಲೆ ಅತ್ತೆಯ ಸಂಡಿಗೆಗಳ ಪಕ್ಕದಲ್ಲಿ ಒಣಗಿತು.

ಆಮೇಲೆ ನೀರಿನ ಸರದಿ. ನಮ್ಮೂರ ನಲ್ಲಿಯಲ್ಲಿ ಬರುವುದು ಅರ್ಧ ನೀರು, ಅರ್ಧ ಮಣ್ಣು. ಅದಕ್ಕೆ ಮೇಲಿನ ತೊಟ್ಟಿಯಿಂದ ಬರುವ ಪೈಪಿಗೆ ಒಂದು ಜಾಲರಿ, ಅದರ ಹಿಂದೊಂದು ನಲ್ಲಿ ಕೂರಿಸಿದರು. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆಂದು ಮಾವನಿಗೆ ಯಾರು ಹೇಳಿದರೋ ಕಾಣೆ. ಅವರು ಇಕ್ಕಳದಿಂದ ಅದನ್ನು ಕಿತ್ತು ಹೊರಗೆಸೆದು, ಆ ಜಾಗಕ್ಕೆ ಹಳೆಯ ಮಡಿಪಟ್ಟೆಯ ಚೂರನ್ನು ಸುತ್ತಿದರು. ತೊಟ್ಟಿಯ ನೀರು ಬಿಟ್ಟ ಕೂಡಲೇ ಅದು ಅಡುಗೆಮನೆಯ ಗೋಡೆಗೆ ಅಭಿಷೇಕ ಮಾಡಿತು. ಮಾಬುಸಾಬರು ಮೇನ್ ಸ್ವಿಚ್ ಕೂರಿಸಲು ಗುರುತು ಹಾಕಿದ್ದು ಸರಿಯಾಗಿ ಅದೇ ಗೋಡೆಗೆ!

ಅವರು ಗುರುತನ್ನು ಎದುರುಗೋಡೆಯ ಮೇಲೆ, ನೀರು ಸಿಡಿಯದಷ್ಟು ಎತ್ತರಕ್ಕೆ ಹಾಕಿ, ಜೇಬಿನಿಂದ ರಬ್ಬರಿನ ವಾಷರ್ ತೆಗೆದರು. ಮಾವ ಅನುಮಾನದಿಂದ ನನ್ನ ಮುಖ ನೋಡಿದರು. ರಬ್ಬರೆಂದರೆ ಮರದ ಹಾಲು ಎಂದೆ. ಹಾಲು ಎಂದ ಮೇಲೆ ಅವರದು ತಕರಾರಿರಲಿಲ್ಲ.

ಅರ್ತಿಂಗ್ ಅಂತೂ ಅವರಿಗೆ ಬಹಳ ಹಿಡಿಸಿತು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನಡುವೆ ಕೊಳವೆ ನಿಲ್ಲಿಸಿ, ಯಂತ್ರದಿಂದ ಒಂದು ತಂತಿಯನ್ನು ಅದಕ್ಕೆ ಕಟ್ಟಬೇಕು. ಯಂತ್ರದ ಮೈಗೆ ಕರೆಂಟು ಬಂದರೂ ಮನುಷ್ಯರನ್ನು ಬಿಟ್ಟು ಅದು ಭೂಮಿಗೆ ಇಳಿಯುತ್ತದೆ. ಗುಂಡಿ ಒಣಗದಂತೆ ದಿನಾ ಒಂದು ಕೊಡ ನೀರು ಹಾಕಬೇಕು ಎಂದದ್ದೇ ತಡ, ಮಾವ ಅದನ್ನು ಬೆಳಗಿನ ಪೂಜೆಗೆ ಸೇರಿಸಿಕೊಂಡರು.

ಕೊನೆಗೆ ಉಳಿದದ್ದು ಯಂತ್ರಕ್ಕೆ ವೈರು ಕೂಡಿಸುವುದು. ಯಂತ್ರವೋ ಅಷ್ಟರಲ್ಲಿ ಅಡುಗೆಮನೆಯ ಒಳಗೆ ಸ್ಥಾಪನೆಯಾಗಿತ್ತು. ಒಳಗೆ ಗೋಡೆ ನೆಲವನ್ನೆಲ್ಲ ತೊಳೆದು ಮಡಿ ಮಾಡಿ ಆಗಿದೆ, ಇನ್ನು ಹೊರಗಿನವರು ಹೊಸ್ತಿಲು ದಾಟುವಂತಿಲ್ಲ ಎಂದರು ಮಾವ. ಮಾಬುಸಾಬರು ಹಿತ್ತಲ ಕಿಟಕಿಯಿಂದ ಹೇಳುವುದು, ತಾವು ಒಳಗೆ ಕೂಡಿಸುವುದು. ಅದಕ್ಕಾಗಿ ಇನ್ನೊಮ್ಮೆ ಸ್ನಾನ ಮಾಡಿ, ಆಗಷ್ಟೇ ಹಿಂಡಿದ ಧೋತರ ಉಟ್ಟು ಬಂದರು. ಪಾದದ ಕೆಳಗೆ ನೀರಿನ ಮಡುವು!

ಮಾಬುಸಾಬರು ಕಿಟಕಿಯಿಂದ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಒದ್ದಿ ಧೋತರ, ಬರಿಗಾಲು, ಮೂರು ಫೇಸು. ಫ್ಯೂಜು ನನ್ನ ಜೇಬಿನ್ಯಾಗ ಐತಿ ಸ್ವಾಮೇರ. ಅಲ್ಲೇ ಇರತೈತಿ.”

“ಬ್ಯಾರೆಯವರನ್ನ ಕರಸ್ತೀನಿ.”

“ಕರಸ್ರಿ. ಜಳಕಾ ಮಾಡಿ ಬರತಾರೇನು ಕೇಳ್ರಿ.”

ಮಾಬುಸಾಬರು ಬೇವಿನ ಮರದ ಕೆಳಗೆ ಬೀಡಿ ಹಚ್ಚಿ ಕುಳಿತರು. ಮಾವ ಯಂತ್ರದ ಪಕ್ಕ ಕಂಬದಂತೆ ನಿಂತರು. ಅವರ ಧೋತರದಿಂದ ಹನಿ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನದ ಊಟ ಮುಗಿದು ಬಚ್ಚಲಿನ ಮೂಲೆಯಲ್ಲಿ ನಲವತ್ತು ಎಂಜಲು ತಟ್ಟೆಗಳು ಒಣಗುತ್ತಿದ್ದವು. ಅರ್ಧ ಗಂಟೆ, ಒಂದು ಗಂಟೆ. ಇಬ್ಬರಲ್ಲಿ ಯಾರೂ ಸೋಲಲು ತಯಾರಿರಲಿಲ್ಲ.

ಆಗ ಬಚ್ಚಲಿನ ಕಡೆ ತಟ್ಟೆಯ ಸದ್ದಾಯಿತು. ಅತ್ತೆ ಬೆರಳುಗಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ತಿಕ್ಕಲು ಕುಳಿತಿದ್ದರು. ಮೂರನೆಯ ತಟ್ಟೆಗೆಲ್ಲ ಚಿಂದಿಯ ಬೂದಿ ಕೆಂಪಗಾಗಿತ್ತು. ಮಾವ ಅದನ್ನು ನೋಡಿದರು. ನಾನು ಮಾವನನ್ನು ನೋಡಿದೆ.

ಅವರು ಹೋಗಿ ಒಣಗಿದ ಪಂಚೆ ಉಟ್ಟು ಬಂದು ಹಿತ್ತಲ ಬಾಗಿಲು ತೆರೆದರು.

“ಒಳಗ ಬಾ ಮಾಬುಸಾಬ.”

ಮಾಬುಸಾಬರು ಹೊಸ್ತಿಲ ಹತ್ತಿರ ಬಗ್ಗಿ ರಬ್ಬರ್ ಚಪ್ಪಲಿ ಬಿಡಲು ಹೋದರು.

“ಬಿಡಬ್ಯಾಡ,” ಎಂದರು ಮಾವ. “ಹಾಕ್ಕೊಂಡೇ ಬಾ. ನೆಲ ಹಸಿ ಅದ.”

ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಮಾಬುಸಾಬರು ಫ್ಯೂಜು ಹಾಕಿ, ತಂತಿಗಳಿಗೆ ಬಲ್ಬು ಹಚ್ಚಿ ಪರೀಕ್ಷಿಸಿ, ಯಂತ್ರದ ಮೈಯನ್ನು ಮೊದಲು ತಾವೇ ಮುಟ್ಟಿ ತೋರಿಸಿದರು. ಗುಂಡಿ ಒತ್ತಿದಾಗ ಒಳಗೆ ಮಳೆ ಬಂದಂಥ ಸದ್ದು. ನಾವೆಲ್ಲ ಬಾಯಿ ತೆರೆದು ಅದನ್ನೇ ನೋಡುತ್ತ ನಿಂತೆವು.

ಮಾವ ಒಬ್ಬರೇ ನೋಡಲಿಲ್ಲ. ಅವರು ಕೊಬ್ಬರಿ ಎಣ್ಣೆಯ ಬಟ್ಟಲು ತಂದು, ಅತ್ತೆಯ ಎದುರು ನೆಲದ ಮೇಲೆ ಕುಳಿತು, ಚಿಂದಿಗಳನ್ನು ಬಿಚ್ಚತೊಡಗಿದ್ದರು.

“ಇನ್ನೂ ಊಟ ಆಗಿಲ್ಲ ನಿಮ್ಮದು, ಮಡಿಯೊಳಗ ಇದ್ದೀರಿ,” ಎಂದರು ಅತ್ತೆ ಮೆಲ್ಲಗೆ. “ನನ್ನ ಮುಟ್ಟಬ್ಯಾಡ್ರಿ.”

“ಇನ್ನೊಂದು ಕೈ ಕೊಡು,” ಎಂದರು ಮಾವ.