ಕೋಳಿ ಇಲ್ಲದ ಮನೆ

ಕಾಲಿಬೆಕ್‌ನ ಅತ್ತೆ ಬುರುಲ್‌ಕಾನ್ ಬೆಳಗ್ಗೆ ಏಳರ ವ್ಯಾನಿನಿಂದ ಇಳಿದಾಗ ಅವಳ ಕಂಕುಳಲ್ಲಿ ಒಂದು ಕೆಂಪು ಹುಂಜವಿತ್ತು. ಕಾಲು ಕಟ್ಟಿ ಶಾಲಿನಲ್ಲಿ ಸುತ್ತಿದ್ದಳು. ಅದು ತಲೆ ಮಾತ್ರ ಹೊರಗಿಟ್ಟು, ಊರು ನೋಡಲು ಬಂದ ನೆಂಟನ ಹಾಗೆ ಬೀದಿಯ ಎರಡೂ ಬದಿಯನ್ನು ಪರಿಶೀಲಿಸುತ್ತಿತ್ತು.

ಬೇರೆಯವರ ಮನೆಯಾಗಿದ್ದರೆ ಇದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಆದರೆ ಕಾಲಿಬೆಕ್ ಕೆಲಸ ಮಾಡುವುದು ಕೋಳಿ ಫಾರಂನಲ್ಲಿ. ಅಲ್ಲಿ ಕೆಲಸಕ್ಕಿರುವವರು ಮನೆಯಲ್ಲಿ ಕೋಳಿ ಸಾಕಕೂಡದು. ಸೇರುವಾಗಲೇ ರುಜು ಹಾಕಿಸಿಕೊಳ್ಳುತ್ತಾರೆ. ಮನೆಯ ಕೋಳಿಯ ಹಿಕ್ಕೆ ಬೂಟಿಗಂಟಿ ಶೆಡ್ಡಿಗೆ ಹೋದರೆ ಜೊತೆಯಲ್ಲಿ ರೋಗಾಣುವೂ ಹೋಗುತ್ತದೆ. ಎಲ್ಲಿಂದಲೋ ಹೋಗಿಯೂ ಇತ್ತು. ಹಿಂದಿನ ವಾರ ಬೂಟಿನ ಮೇಲೆ ಬಟ್ಟೆಯ ಚೀಲ ತೊಟ್ಟು ನಾಲ್ಕನೇ ಶೆಡ್ಡಿನ ಉದ್ದಗಲ ನಡೆದು, ನೆಲದ ಕೊಳೆ ಅಂಟಿದ ಆ ಚೀಲಗಳನ್ನು ಪರೀಕ್ಷೆಗೆ ಕಳಿಸಿದ್ದರು. ಸಾಲ್ಮೊನೆಲ್ಲಾ ರೋಗಾಣು ಇದೆ ಎಂದು ಉತ್ತರ ಬಂತು. ಮೊಟ್ಟೆ ಹೊರಗೆ ಹೋಗುವುದು ನಿಂತಿತು.

ನಾಲ್ಕನೇ ಶೆಡ್ಡು ಕಾಲಿಬೆಕ್‌ನದು. ಈ ದಿನ ಫಾರಂನ ಪಶುವೈದ್ಯೆ ಅನಾರ್‌ಕುಲ್ ನೌಕರರ ಬೀದಿಯ ಒಂದೊಂದು ಮನೆಯನ್ನೂ ನೋಡುವವಳಿದ್ದಳು. ಕೋಳಿ ಸಿಕ್ಕಿದವನಿಗೆ ಶೆಡ್ಡಿನ ಕೆಲಸ ತಪ್ಪಿತು, ಮರುದಿನದಿಂದ ಗೊಬ್ಬರದ ಗುಂಡಿ ಎಂದು ಡೈರೆಕ್ಟರು ಬರೆದು ಅಂಟಿಸಿದ್ದರು. ಕಾಲಿಬೆಕ್ ಏಳು ವರ್ಷದಲ್ಲಿ ಅಂಗಳಕ್ಕೆ ಒಂದು ಗುಬ್ಬಿಯನ್ನೂ ಇಳಿಯಲು ಬಿಟ್ಟವನಲ್ಲ.

ಈಗಲೇ ಕೊಯ್ದುಬಿಡುತ್ತೇನೆ ಎಂದು ಅವನು ಚಾಕು ತಂದ. ಅತ್ತೆ ಹುಂಜವನ್ನು ಎದೆಗೆ ಒತ್ತಿಕೊಂಡಳು.

"ಇದು ನಿಮ್ಮ ಮಾವನ ಹೆಸರಿಗೆ ಬಿಟ್ಟಿದ್ದು ಅಳಿಯಪ್ಪ. ಶುಕ್ರವಾರ ಕುರಾನ್ ಓದಿಸಿ ಆಮೇಲೆ ಕೊಯ್ಯೋದು. ಮೂರು ದಿನ ಮುಂಚೆ ಕೊಯ್ದು, ಸತ್ತೋರ ಹೆಸರಲ್ಲಿ ಹಳಸಿದ ಸಾರು ಬಡಿಸ್ತೀಯಾ?"

ಕಾಲಿಬೆಕ್ ಚಾಕು ಕೆಳಗಿಟ್ಟ. ಹೆಂಡತಿಯನ್ನು ಕೇಳೋಣವೆಂದರೆ ಅವಳು ಮೊಟ್ಟೆ ವಿಂಗಡಿಸುವ ಪಾಳಿಗೆ ಹೋಗಿದ್ದಳು. ಅತ್ತೆ ಹಿತ್ತಿಲಿನ ತಂದೂರಿನಲ್ಲಿ ರೊಟ್ಟಿ ಸುಡಲು ಹೋದದ್ದೇ ತಡ, ಕಾಲಿಬೆಕ್ ಹುಂಜವನ್ನು ಒಳಗೆ ಒಯ್ದ. ಕತ್ತಲೆ ಮಾಡಿದರೆ ಕೋಳಿ ಬಾಯಿ ಮುಚ್ಚುತ್ತದೆ ಎನ್ನುವುದು ಅವನ ಕಸುಬಿನ ಮೊದಲ ಪಾಠ. ಹೆಂಡತಿ ತವರಿನಿಂದ ತಂದ ದೊಡ್ಡ ಪೆಟ್ಟಿಗೆಯಲ್ಲಿ, ಮದುವೆಯ ರೇಷ್ಮೆ ಹಾಸಿನ ಮೇಲೆ ಹುಂಜವನ್ನು ಕೂರಿಸಿ, ಉಸಿರಾಡಲೆಂದು ಮುಚ್ಚಳದ ಸಂದಿಗೆ ಸೌಟಿನ ಹಿಡಿ ತುರುಕಿದ.

ಅನಾರ್‌ಕುಲ್ ಹತ್ತಕ್ಕೆ ಬಂದಳು. ಗೇಟಿನಲ್ಲಿ ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಕೊಟ್ಟಿಗೆ, ಕಲ್ಲಿದ್ದಲಿನ ರಾಶಿಯ ಹಿಂಭಾಗ, ಕಕ್ಕಸು ಎಲ್ಲ ನೋಡಿದಳು. "ಕೋಳಿ ಇಲ್ಲ" ಎಂದು ಪಟ್ಟಿಯಲ್ಲಿ ಬರೆದು, ಚೀಲ ಕಳಚಿ ಎಸೆದು, ಪಕ್ಕದ ಮನೆಯನ್ನು ಆಮೇಲಕ್ಕೆ ಬಿಟ್ಟು ಎದುರು ಸಾಲಿಗೆ ನಡೆದಳು.

ಕಾಲಿಬೆಕ್ ಮೆಟ್ಟಿಲ ಮೇಲೆ ಕೂತು ಉಸಿರು ಬಿಡುವಷ್ಟರಲ್ಲಿ ಗೋಡೆಯ ಮೇಲೆ ಎರಡು ಬಿಳಿ ಹೇಟೆಗಳೂ ಅವುಗಳ ನಡುವೆ ಪಕ್ಕದ ಮನೆಯ, ಎರಡನೇ ಶೆಡ್ಡಿನಲ್ಲಿ ಕೆಲಸ ಮಾಡುವ ತಾಲಾಯ್‌ನ ಮುಖವೂ ಕಂಡವು.

"ತಗೋ. ನಿಂದು ಬರೆದಾಯ್ತಲ್ಲ, ನೋಡಿದ ಮನೇನ ಮತ್ತೆ ನೋಡಲ್ಲ."

"ನೀನು ಮನೇಲಿ ಕೋಳಿ ಸಾಕಿದೀಯಾ?"

"ಮಕ್ಕಳಿಗೆ ಮೊಟ್ಟೆ ಬೇಡ್ವಾ? ನಮ್ಮ ಫಾರಂದು ತಿನ್ಸೋಕೆ ನಂಗೆ ಧೈರ್ಯ ಬರಲ್ಲಪ್ಪ."

ಆಗುವುದಿಲ್ಲ ಎಂದ ಕಾಲಿಬೆಕ್. ಬೆಳಗ್ಗೆ ವ್ಯಾನಿನಿಂದ ಇಳಿದ ಕೆಂಪು ನೆಂಟರು ಕ್ಷೇಮವೇ ಎಂದು ತಾಲಾಯ್ ವಿಚಾರಿಸಿದ. ಕಾಲಿಬೆಕ್ ಕೈ ನೀಡಿ ಹೇಟೆಗಳನ್ನು ಇಳಿಸಿಕೊಂಡ.

ಸುದ್ದಿ ಬೀದಿಯಲ್ಲಿ ವೈದ್ಯೆಗಿಂತ ಬೇಗ ನಡೆಯಿತು. ಅರ್ಧ ಗಂಟೆಯಲ್ಲಿ ಹಿಂದಿನ ಮನೆಯಿಂದ ಮೂರು, ಮೂಲೆ ಮನೆಯ ಡ್ರೈವರನಿಂದ ನಾಲ್ಕು, ಯಾರದೋ ಅಜ್ಜಿಯಿಂದ ಬುಟ್ಟಿಯಲ್ಲಿ ಎರಡು ಬಂದವು. ಬೇರೆ ಬೇರೆ ಮನೆಯ ಕೋಳಿಗಳನ್ನು ಒಂದೇ ಕಡೆ ಬೆರೆಸುವುದಕ್ಕಿಂತ ದೊಡ್ಡ ತಪ್ಪಿಲ್ಲವೆಂದು ಕಾಲಿಬೆಕ್ ತರಬೇತಿಯಲ್ಲಿ ಕಲಿತಿದ್ದ. ಬೇರೇನೂ ಮಾಡಲಾಗದೆ ಗೋಡೆಯ ಬುಡದಲ್ಲಿ ಔಷಧಿ ನೀರಿನ ಬಕೆಟ್ ಇಟ್ಟು, ಕಳ್ಳಕೋಳಿ ದಾಟಿಸಿದವರೆಲ್ಲ ಕೈ ಅದ್ದಿಯೇ ಹೋಗಬೇಕೆಂದು ಹಟ ಹಿಡಿದ. ಅವರೂ ಅದ್ದಿಯೇ ಹೋದರು. ಕೊಟ್ಟಿಗೆಯ ಕಿಟಕಿಗೆ ಕಂಬಳಿ ಹೊಡೆದ ಮೇಲೆ ಹನ್ನೊಂದು ಕೋಳಿಗಳು ಪರೀಕ್ಷೆಗೆ ಕೂತ ಮಕ್ಕಳಂತೆ ತೆಪ್ಪಗಾದವು.

ಆಗ ಅತ್ತೆ ಬಿಸಿ ರೊಟ್ಟಿಯ ತಟ್ಟೆ ಹಿಡಿದು ಬಂದಳು. ಆಗಲೇ ಬಂದಿದ್ದ ಹೆಂಗಸು ಎಲ್ಲಿ ಎಂದು ಕೇಳಿದಳು. ಹೋದರು ಎಂದ.

"ಬಾಗಿಲಿಗೆ ಬಂದವಳು ಒಂದು ಚೂರು ರೊಟ್ಟಿ ಮುರೀದೆ ಹೋದಳಾ? ನನ್ನ ಮಗಳ ಮನೆಯಿಂದ?"

ಅವನು ಎದ್ದು ಗೇಟು ಮುಟ್ಟುವಷ್ಟರಲ್ಲಿ ಅತ್ತೆ ಬೀದಿಯಲ್ಲಿದ್ದಳು. ಎರಡೇ ನಿಮಿಷಕ್ಕೆ ಅನಾರ್‌ಕುಲ್‌ಳ ತೋಳು ಹಿಡಿದು ತಿರುಗಿ ಬಂದಳು. ವೈದ್ಯೆ ಈ ಕಡೆಗೇ ಬರುತ್ತಿದ್ದಳಂತೆ. ಅತ್ತೆ ಚಹಾಕ್ಕೆಂದು ಒಳಗೆ ಹೋದಳು. ವೈದ್ಯೆ ರೊಟ್ಟಿಯ ಚೂರು ಬಾಯಿಗಿಟ್ಟುಕೊಂಡು ಆಚೀಚೆ ನೋಡಿ, ಹೆಗಲ ಚೀಲದ ಬಾಯಿ ಸಡಿಲಿಸಿದಳು. ಒಳಗಿನಿಂದ ಒಂದು ಚುಕ್ಕಿ ಕೋಳಿ ಕಾಲಿಬೆಕ್‌ನನ್ನು ನೋಡಿತು.

"ನಮ್ಮನೆ ನೋಡೋಕೆ ಡೈರೆಕ್ಟ್ರೇ ಬರ್ತಾರಂತೆ, ಈಗ ಫೋನ್ ಬಂತು. ಸಂಜೆವರೆಗೂ ಇರ್ಲಿ. ನಿಮ್ಮದು ಬರೆದಾಗಿದೆಯಲ್ಲ."

ಅವಳೇ ಕೊಟ್ಟಿಗೆಯ ಬಾಗಿಲು ತೆರೆದಳು. ಒಳಗಿದ್ದವನ್ನು ಒಂದು ಸಲ ಎಣಿಸಿದಳು. ಚುಕ್ಕಿಯನ್ನು ಒಳಗೆ ಬಿಟ್ಟು, ಕತ್ತಲೆ ಮಾಡಿದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡಳು.

ಡೈರೆಕ್ಟರ ಕಾರು ಹನ್ನೆರಡಕ್ಕೆ ಬಂತು. ವೈದ್ಯೆಯ ಮನೆ ನೋಡಿ ತೃಪ್ತರಾಗಿ ಮರಳುತ್ತಿದ್ದರು. ಬೀದಿ ಪೂರ್ತಿ ಶುದ್ಧ, ಒಂದು ರೆಕ್ಕೆಯೂ ಇಲ್ಲವೆಂದು ಅನಾರ್‌ಕುಲ್ ವರದಿ ಒಪ್ಪಿಸಿದಳು. ಕಾರು ಇನ್ನೇನು ಹೊರಡಬೇಕು, ಅದರ ಮುಂದೆ ರೊಟ್ಟಿಯ ತಟ್ಟೆ ಹಿಡಿದು ಬುರುಲ್‌ಕಾನ್ ನಿಂತಿದ್ದಳು. ರೊಟ್ಟಿಗೆ ಬೆನ್ನು ತಿರುಗಿಸಿ ಹೋಗುವ ಡೈರೆಕ್ಟರು ನಮ್ಮ ಈ ಚೂಯ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಚೂರು ಮುರಿದು ಹೋಗುತ್ತೇನೆಂದು ಇಳಿದು, ವೈದ್ಯೆಯ ಜೊತೆ ಒಳಗೆ ಬಂದರು.

ಇಂಥವರನ್ನು ಸವೆದ ಹಾಸಿನ ಮೇಲೆ ಕೂರಿಸುವುದು ಹೇಗೆ? ಅತ್ತೆ ನೇರ ಪೆಟ್ಟಿಗೆಯ ಬಳಿ ಹೋದಳು.

"ಅತ್ತೆ, ಆ ಹಾಸು ಬೇಡ," ಎಂದ ಕಾಲಿಬೆಕ್.

ಮುಚ್ಚಳ ಎದ್ದಿತು. ಕಿಟಕಿಯ ಬಿಸಿಲು ಒಳಗೆ ಬಿತ್ತು. ನಾಲ್ಕು ತಾಸಿನಿಂದ ಇರುಳೆಂದು ನಂಬಿದ್ದ ಹುಂಜ ಕತ್ತು ನಿಗುರಿಸಿ ಬೆಳಗಾಯಿತೆಂದು ಸಾರಿತು. ಕೊಟ್ಟಿಗೆಯಿಂದ ಹನ್ನೆರಡು ದನಿಗಳು ಅದನ್ನು ಒಪ್ಪಿಕೊಂಡವು.

ಡೈರೆಕ್ಟರ ದವಡೆ ನಿಂತಿತು. ಅವರು ಎದ್ದು ಅಂಗಳಕ್ಕೆ ಬಂದು, ಕೊಟ್ಟಿಗೆಯ ಬಾಗಿಲು ತೆರೆಸಿ, ವೈದ್ಯೆಯ ಕಡೆ ನೋಡಿದರು.

"ಬೆಳಗ್ಗೆ ಕೊಟ್ಟಿಗೇಲಿ ಒಂದೂ ಇರ್ಲಿಲ್ಲ ಸಾರ್," ಎಂದಳು ಅನಾರ್‌ಕುಲ್. ಅದು ನಿಜವೇ ಆಗಿತ್ತು. ಪಟ್ಟಿ ತೆಗೆದು ಹಳೆಯದನ್ನು ಹೊಡೆದುಹಾಕಿ, "ಹೇಟೆ ಹನ್ನೆರಡು, ಹುಂಜ ಒಂದು" ಎಂದು ದುಂಡಗೆ ಬರೆದಳು.

"ಎಷ್ಟು ಸಲ ಹೇಳಿದ್ವಿ ಸಾರ್," ಎಂದ ತಾಲಾಯ್ ಗೋಡೆಯ ಮೇಲಿನಿಂದ. "ಕೇಳೋ ಪೈಕಿ ಅಲ್ಲ."

ಕಾಲಿಬೆಕ್ ಬಾಯಿ ತೆರೆದ. ಗೋಡೆಯ ಉದ್ದಕ್ಕೂ ತಲೆಗಳಿದ್ದವು, ಎಲ್ಲರ ಕೈಯಿಂದಲೂ ಔಷಧಿಯ ವಾಸನೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡ.

ನಾಳೆಯಿಂದ ಗೊಬ್ಬರದ ಗುಂಡಿ ಎಂದರು ಡೈರೆಕ್ಟರು. ಇಷ್ಟು ಕೋಳಿ ಒಟ್ಟಿಗೆ ಬೆರೆತ ಮೇಲೆ ಆರು ವಾರ ಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ಒಂದನ್ನೂ ಸಾಗಿಸುವಂತಿಲ್ಲ, ಕೊಯ್ಯುವಂತಿಲ್ಲ. ಮೇವು ಮನೆಯವರದು.

"ಹುಂಜಾನೂ ಕೊಯ್ಯೋ ಹಾಗಿಲ್ವಾ?" ಎಂದಳು ಅತ್ತೆ.

ಇಲ್ಲ ಎಂದರು.

"ಸರಿ, ಆರು ವಾರ ನಾನೂ ಇಲ್ಲೇ ಇರ್ತೀನಿ ಅಳಿಯಪ್ಪ."

ಕಾರು ಹೋಯಿತು. ತಾಲಾಯ್ ಗೋಡೆಯ ಮೇಲೆ ಒಂದು ಖಾಲಿ ಬಟ್ಟಲಿಟ್ಟು, ಬಿಳಿಯವೆರಡೂ ನಸುಕಿನಲ್ಲೇ ಮೊಟ್ಟೆ ಇಡುತ್ತವೆ ಎಂದು ತಿಳಿಸಿ ಇಳಿದುಹೋದ. ಅನಾರ್‌ಕುಲ್ ಗೇಟಿನಲ್ಲಿ ನೀಲಿ ಚೀಲ ಕಳಚುತ್ತ ಕಾಲಿಬೆಕ್‌ನನ್ನು ಹತ್ತಿರ ಕರೆದಳು.

"ನಮ್ಮ ಚುಕ್ಕಿಗೆ ಗೋಧಿ ನೆನೆಸಿ ಹಾಕಿ," ಎಂದಳು. "ಒಣಗಿದ್ದು ಮುಟ್ಟಲ್ಲ."