ಹಿಂದಿನ ಸೀಟಿನ ಭಾರ

ಕಳೆದ ಜೂನ್ ತಿಂಗಳ ಮೊದಲ ಭಾನುವಾರ ಕೆದಂಬಾಡಿಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ವಿಮಾನದ ಹಿಂದಿನ ಸೀಟಿನಲ್ಲಿ ಕುಳಿತೆ. ವಿಮಾನ ಹಾರಲಿಲ್ಲ. ಹಾರುವ ಮಟ್ಟಕ್ಕೆ ಅದು ಇನ್ನೂ ಬಂದಿಲ್ಲ. ಅದನ್ನು ಕಟ್ಟುತ್ತಿರುವವರು ಹಮೀದಾಕ. ಗಲ್ಫಿನಲ್ಲಿ ವರ್ಷಗಟ್ಟಲೆ ವಿಮಾನ ರಿಪೇರಿ ಮಾಡಿ ಊರಿಗೆ ಮರಳಿದವರು. ಆಕಾಶದಲ್ಲಿ ಪಲ್ಟಿ ಹೊಡೆಯುವುದನ್ನು ಕಲಿಸುವಂಥ ಎರಡು ಸೀಟಿನ ಹಗುರ ವಿಮಾನವನ್ನು ತಾವೇ ರೂಪಿಸಬೇಕೆಂಬುದು ಅವರ ಹಟ. ರೆಕ್ಕೆಯೊಳಗೆ ಮೊದಲು ಅಡಿಕೆ ಕೊಯ್ಯುವ ಕಾರ್ಬನ್ ದೋಟಿಯ ಉದ್ದ ಕೋಲು ಹಾಕಿ ನೋಡಿದ್ದರು. ಅದು ಬಳುಕಿತು, ಕೈಬಿಟ್ಟರು. ಮುಂದಿನ ಸೀಟು ಗುರುವಿಗೆ, ಹಿಂದಿನದು ಶಿಷ್ಯನಿಗೆ. ಸಮತೋಲನ ಪರೀಕ್ಷಿಸಲು ಶಿಷ್ಯನ ಜಾಗದಲ್ಲಿ ಒಂದು ಭಾರ ಬೇಕಿತ್ತು. ಆ ಭಾರ ನಾನು.

ನಾನು ನಿವೃತ್ತ ವರದಿಗಾರ. ಪುತ್ತೂರಿನಲ್ಲಿ ಒಬ್ಬನೇ ಇದ್ದೇನೆ. ವಾರದ ಆರು ದಿನ ನನ್ನೊಡನೆ ಮಾತಾಡುವವರು ಬಸ್ಸಿನ ಕಂಡಕ್ಟರ್ ಮಾತ್ರ, ಅದೂ ಚಿಲ್ಲರೆಯ ವಿಷಯವಾಗಿ. ಏಳನೆಯ ದಿನ ನಾನು ಬೇಕಾದವನು. ಹಮೀದಾಕ ಚಕ್ರಗಳ ಕೆಳಗಿನ ತಕ್ಕಡಿ ಓದಿ ಹೇಳುವುದು, ನಾನು ಸೀಟಿನಲ್ಲಿ ಕುಳಿತೇ ಪುಸ್ತಕದಲ್ಲಿ ಬರೆಯುವುದು. ಮೊದಲ ಸಾಲಿನಲ್ಲಿ ನನ್ನ ತೂಕ: ಅರವತ್ತೆರಡು ಕಿಲೋ.

"ಇದು ಬದಲಾಗ್ಬಾರ್ದು ಗೌಡ್ರೆ. ಬದಲಾದ್ರೆ ಮರಳಿನ ಚೀಲ ಇಡ್ತೇನೆ," ಎಂದು ಮೊದಲ ದಿನವೇ ಹೇಳಿದ್ದರು.

ತೊಂದರೆ ಶುರುವಾದದ್ದು ಅವರ ಮಡದಿ ನಫೀಸಕ್ಕನಿಂದ. ಊಟ ಮಾಡದೆ ಶೆಡ್ಡಿಗೆ ಕಾಲಿಡಲು ಅವರು ಬಿಡುತ್ತಿರಲಿಲ್ಲ. ತುಪ್ಪದನ್ನ, ಕೋಳಿ ಸಾರು, ಮೇಲೊಂದು ಒತ್ತಾಯ. ಅಪಘಾತದಲ್ಲಿ ಸತ್ತವರ ಸಂಖ್ಯೆಯನ್ನು ಮೂರು ಕಡೆ ಕೇಳಿ ಖಚಿತಪಡಿಸಿಕೊಂಡು ಬರೆದವನು ನಾನು. ನನ್ನ ತೂಕವನ್ನು ಮಾತ್ರ ಯಾರನ್ನೂ ಕೇಳದೆ ಪ್ರತಿ ವಾರ ಅರವತ್ತೆರಡು ಎಂದೇ ಬರೆದೆ.

ದೀಪಾವಳಿಯ ಹೊತ್ತಿಗೆ ಹಮೀದಾಕ ಸೊರಗಿದರು. "ಹಿಂದೆ ಭಾರ ಆಗ್ತಾ ಉಂಟು. ಮಳೆಗೆ ಹಲಗೆ ಅಂಟಿಸಿದ ಗೋಂದು ನೀರು ಕುಡಿದದ್ದಾ ಎಂತ?" ಸೀಟಿನ ಮೆತ್ತೆ ಕಿತ್ತರು. ಹಲಗೆಗಳಿಗೆ ತೂತು ಕೊರೆದರು. ತೂಕದಲ್ಲಿ ವಿಮಾನ ಇಳಿದಷ್ಟೂ ನಾನು ಏರಿದೆ. ಕೊನೆಗೊಂದು ಭಾನುವಾರ ಬಾಲವನ್ನೇ ಕತ್ತರಿಸಿ ಹೊಸದಾಗಿ ಮಾಡುವುದೆಂದು ಗರಗಸ ತಂದರು. ಐದು ತಿಂಗಳ ಕೆಲಸ ಅದು.

"ಹಮೀದಾಕ, ಬಾಲ ಸರಿ ಉಂಟು. ನಾನು ಸರಿ ಇಲ್ಲ," ಎಂದೆ.

ಇಳಿಸಿ ತೂಗಿದರು. ಅರವತ್ತೆಂಟು.

"ಆರು ಕಿಲೋ ಎಲ್ಲಿಂದ ಬಂತು ಮಾರಾಯ್ರೆ?"

ನಾನು ಚಹಾ ತಂದ ನಫೀಸಕ್ಕನ ಕಡೆ ನೋಡಿದೆ.

"ನನ್ನನ್ನು ಎಂತಕ್ಕೆ ನೋಡುದು? ಮೂರನೇ ಸಲ ಅನ್ನ ಹಾಕಿಸಿಕೊಂಡದ್ದು ಯಾರು?"

ಹಮೀದಾಕ ಗರಗಸ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಪೇಪರಿನಲ್ಲಿಯೂ ನೀವು ಹೀಗೇ ಬರೀತಾ ಇದ್ದದ್ದಾ?"

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮನೆಯಲ್ಲೇ ಕುಳಿತೆ. ಹತ್ತು ಗಂಟೆಗೆ ಫೋನ್ ಬಂತು.

"ಎಂತ ಗೌಡ್ರೆ, ಎಲ್ಲಿದ್ದೀರಿ? ಮರಳಿನ ಚೀಲ ಎತ್ತಿ ಸೀಟಿಗೆ ಕೂರಿಸ್ಲಿಕ್ಕೆ ನನ್ನೊಬ್ಬನಿಂದ ಆಗುದಿಲ್ಲ. ನೀವಾದ್ರೆ ನೀವೇ ಹತ್ತಿ ಕೂರ್ತಿದ್ರಿ."

ಹತ್ತೂವರೆಯ ಬಸ್ಸಿಗೆ ಹೋದೆ. ಇಬ್ಬರೂ ಸೇರಿ ಚೀಲವನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದೆವು. ಭಾರ ಸರಿ ಬಂತು.